ಅವ್ವ ಬೇಡ, ಅಮ್ಮನೇ ಬೇಕು ಅಂತಾನೆ ಮಗ

ಓದುಗರ ಪ್ರಶ್ನೆ:

"ಡಾಕ್ಟ್ರೇ, ನಾನು ಮತ್ತು ನನ್ನ ಸಂಗಾತಿ ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಒಟ್ಟಿಗೆ ಸಂಸಾರ ಮಾಡುತ್ತಿದ್ದೇವೆ. ನಾವಿಬ್ಬರೂ ಹೆಂಗಸರು. ನಮಗೆ ಎರಡು ವರ್ಷ ನಾಲ್ಕು ತಿಂಗಳ ಮಗ ಇದ್ದಾನೆ. ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆದು ಅವಳು ಹೆತ್ತಳು. ಅವನಿಗೆ ಅವಳು ಅಮ್ಮ, ನಾನು ಅವ್ವ. ನಾನು ಧಾರವಾಡದವಳು. ಎರಡು ತಿಂಗಳ ಹಿಂದೆ ಅವನನ್ನು ಪ್ಲೇಹೋಮ್‌ಗೆ ಸೇರಿಸಿದೆವು. ಆವತ್ತಿನಿಂದ ನನ್ನನ್ನು ಹತ್ತಿರ ಸೇರಿಸುತ್ತಿಲ್ಲ. ಊಟ ಮಾಡಿಸಲು ಹೋದರೆ 'ಅವ್ವ ಬೇಡ, ಅಮ್ಮ' ಅಂತ ತಟ್ಟೆ ತಳ್ಳುತ್ತಾನೆ. ರಾತ್ರಿ ಈಗಲೂ ಅಮ್ಮನ ಹಾಲು ಕುಡಿಯುತ್ತಾನೆ. ನಾನು ಪಕ್ಕದಲ್ಲಿ ಮಲಗಿದರೆ ಒದೆಯುತ್ತಾನೆ. ಹಾಸನದಿಂದ ಬಂದಿರುವ ಅವನ ಅಜ್ಜಿ 'ಹೆತ್ತ ಕರುಳು ಕಣಮ್ಮ, ಮಗೂಗೆ ಗೊತ್ತಾಗುತ್ತೆ' ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳುವವರಲ್ಲ, ಆದರೂ ಚುಚ್ಚುತ್ತದೆ. 'ಗಂಡು ದಿಕ್ಕಿಲ್ಲದ ಮನೆಯಲ್ಲಿ ಗಂಡುಮಗು ಹೇಗೆ ಬೆಳೀತಾನೋ' ಅಂತಲೂ ಅವರಿಗೆ ಚಿಂತೆ. ಅವನೂ ಲಿಫ್ಟ್‌ನಲ್ಲಿ ಸಿಕ್ಕ ಗಂಡಸರನ್ನೆಲ್ಲ 'ಅಪ್ಪ' ಅಂತಾನೆ. ಪ್ಲೇಹೋಮ್‌ನಲ್ಲಿ ನನ್ನನ್ನು ಚಿಕ್ಕಮ್ಮ ಅಂತ ಪರಿಚಯಿಸಿದ್ದೇವೆ. ಎರಡನೇ ಮಗುವನ್ನು ನಾನು ಹೆತ್ತರೆ ಎಲ್ಲ ಸರಿಹೋಗುತ್ತದಾ? ನನಗೀಗ 37."

ಉತ್ತರ:

ನಿಮ್ಮ ಪತ್ರದಲ್ಲಿ ಮಗನ ಮನಸ್ಸಿನ ಬಗ್ಗೆ ಬೇಕಾದಷ್ಟು ಭಯ ಇದೆ. ಕಾಗದಪತ್ರದ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕಿತ್ತು. ನಿಮ್ಮಿಬ್ಬರ ನಂಟು ನೀವು ಅಂದುಕೊಂಡಷ್ಟು ಬಡಕಲಾಗಿಲ್ಲ. ಕಾನೂನಿನ ಪ್ರಕಾರ ನಿಮಗೂ ಅವನಿಗೂ ಇರುವ ಸಂಬಂಧ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ತೆಳುವಾಗಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮನ್ನು ಕಾಡುತ್ತಿರುವ ವಿಷಯ.

ಎರಡರಿಂದ ಮೂರು ವರ್ಷದ ನಡುವೆ ಮಕ್ಕಳು ಒಬ್ಬರನ್ನೇ ಹಿಡಿದುಕೊಳ್ಳುವುದು, ಇನ್ನೊಬ್ಬರನ್ನು ತಳ್ಳುವುದು ತುಂಬಾ ಸಾಮಾನ್ಯ. ಮಕ್ಕಳ ಬೆಳವಣಿಗೆ ನೋಡುವ ನನ್ನಂಥ ವೈದ್ಯರ ಹತ್ತಿರ ಈ ದೂರು ವಾರ ವಾರವೂ ಬರುತ್ತದೆ. ಹೇಳುವವರು ಹೆಚ್ಚಾಗಿ ಅಪ್ಪಂದಿರು. "ನನ್ನ ಕಂಡ್ರೆ ಆಗಲ್ಲ ಡಾಕ್ಟ್ರೇ, ಶೂ ಹಾಕೋಕೂ ಬಿಡಲ್ಲ" ಅನ್ನುತ್ತಾರೆ, ನಗುತ್ತಾರೆ. ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ. ನಿಮಗೆ ಮರೆಯಲು ಆಗುವುದಿಲ್ಲ, ಯಾಕೆಂದರೆ ನಿಮ್ಮ ಮನೆಯಲ್ಲಿ ಇದಕ್ಕೊಂದು ಸಿದ್ಧ ಕಾರಣ ಕಾದು ಕೂತಿದೆ. ಅಪ್ಪನನ್ನು ತಳ್ಳಿದರೆ ಅದು ಹಟ. ನಿಮ್ಮನ್ನು ತಳ್ಳಿದರೆ ಅದು ರಕ್ತ! ಮಗುವಿನ ನಡವಳಿಕೆ ಎರಡು ಕಡೆಯೂ ಒಂದೇ.

ರಕ್ತದ ಮಾತು ನಿಜವೇ? ಹೊಟ್ಟೆಯಲ್ಲಿರುವಾಗಲೇ ಮಗು ಅಮ್ಮನ ದನಿ ಕೇಳಿಸಿಕೊಂಡಿರುತ್ತದೆ, ಹುಟ್ಟಿದ ಕೆಲವೇ ದಿನದಲ್ಲಿ ಅವಳ ವಾಸನೆ ಗುರುತಿಸುತ್ತದೆ. ಇಷ್ಟು ನಿಜ. ಆದರೆ ಯಾರ ವಂಶವಾಹಿ ತನ್ನಲ್ಲಿದೆ ಎಂದು ತಿಳಿಯುವ ದಾರಿ ಯಾವ ಮಗುವಿಗೂ ಇಲ್ಲ. ನಂಟು ಕಟ್ಟುವುದು ಅತ್ತಾಗ ಯಾರು ಬಂದರು, ನಕ್ಕಾಗ ಯಾರು ನಕ್ಕರು ಎಂಬುದರ ಮೇಲೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು 60 ಶಿಶುಗಳನ್ನು ತಿಂಗಳುಗಟ್ಟಲೆ ಗಮನಿಸಿ 1964ರಲ್ಲಿ ವರದಿ ಮಾಡಿದರು. ಒಂದೂವರೆ ವರ್ಷ ಆಗುವಷ್ಟರಲ್ಲಿ ಬಹುಪಾಲು ಮಕ್ಕಳಿಗೆ ಒಬ್ಬರಿಗಿಂತ ಹೆಚ್ಚು ಮಂದಿಯ ಜೊತೆ ಗಟ್ಟಿ ನಂಟು ಬೆಳೆದಿತ್ತು. ಒಬ್ಬರಿಗೇ ಅಂಟಿಕೊಂಡವರು ನೂರಕ್ಕೆ 13 ಮಾತ್ರ. ಇನ್ನೂ ಒಂದು ಮಾತು ಅಲ್ಲಿದೆ, ಅಜ್ಜಿಗೂ ಹೇಳಿ: ಹಾಲು ಕುಡಿಸುವವರೇ, ಬಟ್ಟೆ ಬದಲಿಸುವವರೇ ಮಗುವಿಗೆ ಮೊದಲಿಗರಾಗಬೇಕು ಅಂತೇನೂ ಕಾಣಲಿಲ್ಲ. ಕರೆಗೆ ಓಗೊಡುವವರು ಮೊದಲಿಗರಾಗಿದ್ದರು.

ಹಾಗಾದರೆ ಈಗಲೇ ಯಾಕೆ? ಕಾರಣ ನಿಮ್ಮ ಪತ್ರದಲ್ಲೇ ಇದೆ. ಪ್ಲೇಹೋಮ್ ಶುರುವಾಯಿತು. ಅದೇ ಹೊತ್ತಿಗೆ ಅಜ್ಜಿ ಬಂದರು, ಮನೆಯ ದಿನಚರಿ ಬದಲಾಯಿತು. ಬೆಳಗ್ಗೆ ಅವನನ್ನು ಅಲ್ಲಿ ಬಿಟ್ಟು ಬರುವವರು ಯಾರು ಅಂತ ನೀವು ಬರೆದಿಲ್ಲ. ಅದು ನೀವೇ ಆಗಿದ್ದರೆ, ಅವನ ಲೆಕ್ಕದಲ್ಲಿ ಅವ್ವ ಅಂದರೆ ಬಿಟ್ಟುಹೋಗುವವಳು. ರಾತ್ರಿ ಹಾಲು ಕೊಡುವವಳು ಅಮ್ಮ. ದಣಿದ ಮಗು, ಹೆದರಿದ ಮಗು ಹಾಲಿನ ಕಡೆಗೇ ಓಡುತ್ತದೆ. ನಾನು ಊಹಿಸುವ ಇನ್ನೊಂದು ಕಾರಣವೂ ಇದೆ. ಹೆತ್ತ ತಾಯಿಗೆ 26 ವಾರ ರಜೆ ಸಿಗುತ್ತದೆ. ಹೆರದೆ, ದತ್ತೂ ಪಡೆಯದೆ ತಾಯಿಯಾದ ನಿಮ್ಮಂಥವರಿಗೆ ಕಾನೂನಿನಲ್ಲಿ ರಜೆಯೇ ಇಲ್ಲ. ಮೊದಲ ಆರು ತಿಂಗಳು ಅಮ್ಮ ಅವನ ಅಳುವನ್ನು ಓದಲು ಕಲಿತಳು, ನೀವು ಸಂಜೆ ಬಂದು ಕಲಿತಿರಿ. ಈಗಲೂ ಅವನು ಕಿರುಚಿದ ಕೂಡಲೇ ಅವಳು ಅಡುಗೆಮನೆಯಿಂದ ಓಡಿಬಂದು ಎತ್ತಿಕೊಳ್ಳುತ್ತಾಳೆ, ಅಲ್ವಾ? ನೀವೂ 'ನೀನೇ ನೋಡ್ಕೋ' ಅಂತ ಹಿಂದೆ ಸರಿಯುತ್ತೀರಿ. ಇಬ್ಬರೂ ಪ್ರೀತಿಯಿಂದಲೇ ಮಾಡುವುದು. ಆದರೆ ಅವನು ಕಲಿಯುವುದು ಏನು? ಕಿರುಚಿದರೆ ಆಳು ಬದಲಾಗುತ್ತದೆ ಅಂತ.

ಇದನ್ನು ಬದಲಿಸುವುದು ಕಷ್ಟವಲ್ಲ, ಆದರೆ ಮೊದಲ ವಾರ ಸದ್ದುಗದ್ದಲ ಜಾಸ್ತಿ ಇರುತ್ತದೆ. ದಿನದಲ್ಲಿ ಒಂದು ಕೆಲಸವನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ಸ್ನಾನ ಒಳ್ಳೆಯದು. ನೀರು, ಮಗ್ಗು, ನೊರೆ, ಭಾನುವಾರ ಎಣ್ಣೆ ಹಚ್ಚುವುದು, ಎಲ್ಲದರಲ್ಲೂ ಆಟವಿದೆ. ಊಟದಿಂದ ಮಾತ್ರ ಶುರು ಮಾಡಬೇಡಿ, ಅಲ್ಲಿ ಅವನಿಗೆ ಬಾಯಿ ಮುಚ್ಚಿಕೊಳ್ಳುವ ಅಸ್ತ್ರ ಇದೆ. "ಇವತ್ತು ಅವ್ವ ಸ್ನಾನ ಮಾಡಿಸ್ತಾಳೆ. ಅಮ್ಮ ಅಲ್ಲೇ ಹೊರಗಿದ್ದಾಳೆ" ಅಂತ ಮೊದಲೇ ಹೇಳಿ. 'ಅವ್ವ ಬೇಡ' ಅಂದರೆ "ಅಮ್ಮ ಬೇಕು ಅನ್ನಿಸ್ತಿದೆ, ಗೊತ್ತು. ಸ್ನಾನ ಆದ ಮೇಲೆ ಅಮ್ಮನ ಹತ್ರ ಹೋಗೋಣ" ಅಂದು ಕೆಲಸ ಮುಂದುವರಿಸಿ. ಅಮ್ಮ ಒಳಗೆ ಬರಕೂಡದು. ಕಷ್ಟ ಅವಳಿಗೇ ಜಾಸ್ತಿ, ಬೇಕಿದ್ದರೆ ಹಾಲು ತರುವ ನೆಪದಲ್ಲಿ ಅಂಗಡಿಗೆ ಕಳಿಸಿ. ಹೋಗುವಾಗ ಹೇಳಿ ಹೋಗಲಿ. ಕದ್ದು ಹೋದರೆ ಮರುದಿನ ಅವನು ಅವಳ ಸೆರಗು ಬಿಡುವುದಿಲ್ಲ. ಅವನು ಉಸಿರು ಕಟ್ಟುವಷ್ಟು ಅತ್ತರೆ ಸ್ನಾನ ನಿಲ್ಲಿಸಿ ಟವೆಲ್ ಸುತ್ತಿ ಎತ್ತಿಕೊಳ್ಳಿ. ಸಮಾಧಾನ ಮಾಡುವವರೂ ನೀವೇ ಆಗಿರಿ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಬಿಸಿ ಇಳಿಯುತ್ತದೆ. ಜ್ವರ ಬಂದರೆ, ಊರಿಗೆ ಹೋಗಿ ಬಂದರೆ ಮತ್ತೆ ಏರುತ್ತದೆ. ಅದಕ್ಕೆ ಬೇಜಾರಾಗಬೇಡಿ.

ಮೊಬೈಲ್ ತೋರಿಸಿ ಒಲಿಸಿಕೊಳ್ಳುವ ಆಸೆ ಬರುತ್ತದೆ. ಬೇಡ. ಎರಡು ದಿನದಲ್ಲಿ ಅವನಿಗೆ ಅವ್ವ ಬೇಡ, ಅವ್ವನ ಮೊಬೈಲ್ ಬೇಕು ಅನ್ನುವ ಹಾಗಾಗುತ್ತದೆ. ಇನ್ನೊಂದು: ನೆಂಟರು ತಮಾಷೆಗೆ "ನಿಂಗೆ ಯಾರು ಇಷ್ಟ, ಅಮ್ಮಾನಾ ಅವ್ವಾನಾ?" ಅಂತ ಕೇಳುತ್ತಾರಲ್ಲ, ಅದನ್ನು ಅಲ್ಲೇ ತಡೆಯಿರಿ. ಯಾವ ಮನೆಯಲ್ಲೂ ಆ ಪ್ರಶ್ನೆ ಒಳ್ಳೆಯದಲ್ಲ.

ರಾತ್ರಿಯ ಹಾಲಿನ ವಿಷಯ. ಎರಡು ವರ್ಷ ದಾಟಿದ ಮೇಲೂ ತಾಯಿಯ ಹಾಲು ಕುಡಿಸಬಹುದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮನ್ನು ಹತ್ತಿರ ತರಲು ಅದನ್ನು ನಿಲ್ಲಿಸಬೇಕಿಲ್ಲ. ಮುಂದುವರಿಸಿದರೆ ಹಲ್ಲಿನ ಮೇಲೆ ಕಣ್ಣಿರಲಿ. ಹಲ್ಲುಜ್ಜದೆ ರಾತ್ರಿಯಿಡೀ ಕುಡಿದರೆ ಹುಳುಕಾಗಬಹುದು. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ಮಲಗುವ ಮುಂಚೆ ಉಜ್ಜಿ. ಆ ಕೆಲಸವೂ ನಿಮ್ಮದಾಗಲಿ. ಅಮ್ಮನಿಗೇ ಸಾಕಾಗಿದ್ದರೆ ನಿಧಾನವಾಗಿ ಬಿಡಿಸಬಹುದು, ಆಗ ರಾತ್ರಿ ತಟ್ಟಿ ಮಲಗಿಸುವ ಸರದಿ ನಿಮಗೆ ಬರುತ್ತದೆ. ಆದರೆ ಪ್ಲೇಹೋಮ್‌ಗೆ ಇನ್ನೂ ಒಗ್ಗದ ಮಗುವಿಗೆ ಹಾಲೂ ಬಿಡಿಸಿ, ಡೈಪರ್ರೂ ಬಿಡಿಸಲು ಹೊರಟರೆ ಮೂರೂ ಕೆಡುತ್ತವೆ. ಮೊಲೆಗೆ ಬೇವು ಹಚ್ಚುವ ಹಳೇ ಉಪಾಯ ಅಜ್ಜಿ ಹೇಳಿಯಾರು. ಕೆಲಸ ಮಾಡುತ್ತದೆ, ಆದರೆ ನಂಬಿದ್ದ ಜಾಗದಲ್ಲೇ ಏಕಾಏಕಿ ಕಹಿ ಕಂಡ ಮಗು ಕೆಲವು ದಿನ ಇನ್ನೂ ಅಂಟಿಕೊಳ್ಳುತ್ತದೆ.

ಯಾವಾಗ ವೈದ್ಯರಿಗೆ ತೋರಿಸಬೇಕು? ಅವನು ಅಮ್ಮನಿಂದಲೂ ಸಮಾಧಾನವಾಗದಿದ್ದರೆ. ಆಡುತ್ತಿದ್ದ ಮಾತು ನಿಂತುಹೋದರೆ, ಎರಡು ಪದ ಕೂಡಿಸಿ ಹೇಳದಿದ್ದರೆ, ಕರೆದರೆ ತಿರುಗದಿದ್ದರೆ. ಯಾರನ್ನಾದರೂ ಕಂಡು ಬೆಚ್ಚಿಬಿದ್ದು ಮುದುಡಿಕೊಂಡರೆ ಪ್ಲೇಹೋಮನ್ನೂ ಸೇರಿಸಿ ವಿಚಾರಿಸಬೇಕು. 'ಅವ್ವ ಬೇಡ, ಅಮ್ಮ' ಅನ್ನುವ ಮಗು ಮಾತಿನಲ್ಲಂತೂ ಚೆನ್ನಾಗಿಯೇ ಇದೆ! ಇನ್ನು ನೀವು. ವಾರಗಟ್ಟಲೆ ನಿದ್ದೆ ಬರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಬಾಣಂತನದ ಖಿನ್ನತೆಯ ಬಗ್ಗೆ ಎಲ್ಲರೂ ಕೇಳಿದ್ದಾರೆ. ಹೆರದ ತಾಯಿಗೂ ಮಗು ಬಂದ ಮೇಲೆ ಖಿನ್ನತೆ ಬರಬಹುದು ಎಂದು ಯಾರೂ ಕೇಳುವುದೇ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಜ್ಜಿಯ ಎರಡನೇ ಚಿಂತೆಗೆ ಬರೋಣ. ಗಂಡು ದಿಕ್ಕಿಲ್ಲದ ಮನೆ. ಅವರು ಮೊದಲಿಗರಲ್ಲ, 1970ರ ದಶಕದಲ್ಲಿ ಬ್ರಿಟನ್ನಿನ ಕೋರ್ಟುಗಳಲ್ಲೂ ಇದೇ ವಾದ ನಡೆಯುತ್ತಿತ್ತು. ಆಗಲೇ ಸೂಸನ್ ಗೊಲೊಂಬೊಕ್ ಎಂಬ ಮನಶ್ಶಾಸ್ತ್ರಜ್ಞೆ ಇಂಥ ಮನೆಗಳ ಅಧ್ಯಯನ ಶುರು ಮಾಡಿದರು. ಅಮೆರಿಕದಲ್ಲಿ 1986ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನ ಇಬ್ಬರು ತಾಯಂದಿರ ಮಕ್ಕಳನ್ನು ಹುಟ್ಟುವ ಮೊದಲಿನಿಂದ ಹಿಂಬಾಲಿಸಿತು. ಅವರು 17 ವರ್ಷದವರಾದಾಗ ಬಂದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಓದು, ಒಡನಾಟ, ನಡವಳಿಕೆ ಯಾವುದರಲ್ಲೂ ಅವರು ಉಳಿದ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಅಲ್ಲಿದ್ದವರು ತಾವಾಗಿ ಮುಂದೆ ಬಂದ, ಹೆಚ್ಚಾಗಿ ಓದಿದ, ಅನುಕೂಲಸ್ಥ ಕುಟುಂಬಗಳು, ಅದನ್ನೂ ಹೇಳಬೇಕು. ಆದರೆ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ರೀತಿಯಲ್ಲಿ ನೋಡಿದವರೂ ಇದೇ ಕಡೆಗೆ ಬಂದಿದ್ದಾರೆ. ಮಕ್ಕಳನ್ನು ನೋಯಿಸುವುದು ಹೊರಗಿನ ಬಾಯಿ. ಇದೇ ಅಮೆರಿಕದ ಮಕ್ಕಳನ್ನು ನೆದರ್‌ಲ್ಯಾಂಡ್ಸ್‌ನ ಮಕ್ಕಳ ಜೊತೆ ಹೋಲಿಸಿದಾಗ ಡಚ್ ಮಕ್ಕಳು ತಮ್ಮ ಮನೆಯ ವಿಷಯವನ್ನು ಹೆಚ್ಚು ಮುಕ್ತವಾಗಿ ಹೇಳಿಕೊಳ್ಳುತ್ತಿದ್ದರು, ಅವರಿಗೆ ಚುಚ್ಚುಮಾತೂ ಕಡಿಮೆ ಇತ್ತು.

ಗಂಡಸರ ಒಡನಾಟ ಬೇಡ ಅಂತಲ್ಲ. ಮಾವ, ಅಜ್ಜ, ಪಕ್ಕದ ಮನೆಯ ಅಂಕಲ್ ಯಾರಾದರೂ ಇದ್ದರೆ ಒಳ್ಳೆಯದೇ, ಎಲ್ಲ ಮಕ್ಕಳಿಗೂ ಜನ ಬೇಕು. ಹುಡುಕಿ ತಂದು ಕೂರಿಸುವ ಅಗತ್ಯ ಇಲ್ಲ.

ಲಿಫ್ಟ್‌ನಲ್ಲಿ 'ಅಪ್ಪ' ಅನ್ನುವುದಕ್ಕೆ ಹೆದರಬೇಡಿ. ಈ ವಯಸ್ಸಿನಲ್ಲಿ ನಾಲ್ಕು ಕಾಲಿನ ಪ್ರಾಣಿಯೆಲ್ಲ ಭೌಭೌ. ಪ್ಲೇಹೋಮ್‌ನ ಬಾಗಿಲಲ್ಲಿ ಬೇರೆ ಮಕ್ಕಳು ಮೀಸೆಯವರನ್ನು ಅಪ್ಪ ಅನ್ನುವುದನ್ನು ಕೇಳಿದ್ದಾನೆ, ಮೀಸೆಯವರೆಲ್ಲ ಅಪ್ಪ ಆದರು. "ಅವರು ಅಂಕಲ್" ಅಂದರೆ ಮುಗಿಯಿತು. ಮುಂದೊಂದು ದಿನ "ನನ್ನ ಅಪ್ಪ ಎಲ್ಲಿ?" ಅಂತ ಕೇಳುತ್ತಾನೆ. ಆಗ "ನಮ್ಮ ಮನೇಲಿ ಅಮ್ಮ, ಅವ್ವ. ಪಕ್ಕದ ಮನೇಲಿ ಅಮ್ಮ, ಅಪ್ಪ" ಅನ್ನಿ. ಮೂರು ವರ್ಷದವನಿಗೆ ಇಷ್ಟು ಸಾಕು. ಅಪ್ಪ ಫಾರಿನ್‌ನಲ್ಲಿದ್ದಾರೆ, ದೇವರ ಹತ್ತಿರ ಹೋದರು ಅಂತ ಮಾತ್ರ ಹೇಳಬೇಡಿ. ಇಲ್ಲದವರಿಗಾಗಿ ಕಾಯುವ ಕೆಲಸ ಮಗುವಿನ ತಲೆಗೆ ಬರುತ್ತದೆ. "ನಿನ್ನನ್ನು ಪಡೆಯೋಕೆ ಒಬ್ಬರು ಸಹಾಯ ಮಾಡಿದರು, ಡಾಕ್ಟರ್ ಕೂಡ ಸಹಾಯ ಮಾಡಿದರು" ಅನ್ನುವ ಕಥೆಯನ್ನು ನಾಲ್ಕೈದು ವರ್ಷದ ಹೊತ್ತಿಗೆ ಶುರು ಮಾಡಿ. ಗೊಲೊಂಬೊಕ್ ಅವರ ತಂಡ ದಾನಿಯ ನೆರವಿನಿಂದ, ಬಾಡಿಗೆ ತಾಯ್ತನದಿಂದ ಹುಟ್ಟಿದ ಮಕ್ಕಳನ್ನು 20 ವರ್ಷದವರೆಗೆ ಗಮನಿಸಿದಾಗ, ಏಳು ವರ್ಷಕ್ಕೆ ಮೊದಲೇ ವಿಷಯ ತಿಳಿದವರಿಗೆ ತಾಯಿಯ ಜೊತೆಗಿನ ಸಂಬಂಧ ಹೆಚ್ಚು ಚೆನ್ನಾಗಿತ್ತು. ನಮ್ಮಲ್ಲಿ ದಾನಿ ಯಾರೆಂಬುದು ಗುಟ್ಟಾಗಿಯೇ ಇರುತ್ತದೆ. ಹೆಸರು ಹೇಳಲು ಆಗದು ಅನ್ನುವುದನ್ನೂ ಅವನಿಗೆ ಆಗಲೇ ನೇರವಾಗಿ ಹೇಳಬೇಕಾಗುತ್ತದೆ.

ಪ್ಲೇಹೋಮ್‌ನ 'ಚಿಕ್ಕಮ್ಮ' ನನಗೆ ಸರಿ ಕಾಣುವುದಿಲ್ಲ. ಯಾಕೆ ಹಾಗೆ ಹೇಳಿದಿರಿ ಅನ್ನುವುದು ಅರ್ಥವಾಗುತ್ತದೆ. ಬಾಡಿಗೆ ಮನೆಯ ಓನರ್, ಆಫೀಸು, ಊರಿನವರು, ಎಲ್ಲ ಲೆಕ್ಕ ಹಾಕಿರುತ್ತೀರಿ. ಆದರೆ ಎರಡೂಕಾಲು ವರ್ಷದವನು ಗುಟ್ಟು ಇಡಲಾರ. ಅವನು 'ಅವ್ವ' ಅನ್ನುತ್ತಾನೆ, ಮಿಸ್ 'ಚಿಕ್ಕಮ್ಮ ಅಲ್ವಾ ಪುಟ್ಟಾ' ಅಂತ ತಿದ್ದುತ್ತಾರೆ. ದಿನಾ ಅವನ ಮಾತೇ ತಪ್ಪಾಗುತ್ತದೆ. ನಿಮ್ಮ ಮುಂದೆ ಮೂರು ದಾರಿ ಇವೆ. ಪೂರ್ತಿ ಹೇಳಬಹುದು. ಮಗುವಿಗೆ ಸುಲಭ, ಆದರೆ ಮಾತು ಬೇರೆ ಪೋಷಕರಿಗೆ ಹೋಗುವುದನ್ನು ನೀವು ತಡೆಯಲಾರಿರಿ. ಹೀಗೇ ಇರಬಹುದು. ಇವತ್ತಿಗೆ ಸುರಕ್ಷಿತ, ಆದರೆ ಅವನಿಗೆ ನಾಲ್ಕು ವರ್ಷ ಆದಾಗ 'ಹೊರಗೆ ಹೀಗೆ ಹೇಳು' ಅಂತ ಕಲಿಸಬೇಕಾಗುತ್ತದೆ, ಅಲ್ಲಿಂದ ನಾಚಿಕೆ ಶುರು. ನಾನು ಹೆಚ್ಚಾಗಿ ಹೇಳುವುದು ನಡುವಿನ ದಾರಿ: ಮುಖ್ಯಸ್ಥರು ಮತ್ತು ತರಗತಿಯ ಮಿಸ್, ಇಬ್ಬರಿಗೆ ಮಾತ್ರ "ನಾವಿಬ್ಬರೂ ಸೇರಿ ಸಾಕುತ್ತಿದ್ದೇವೆ. ಇವಳನ್ನು ಅಮ್ಮ, ನನ್ನನ್ನು ಅವ್ವ ಅಂತಾನೆ. ನೀವೂ ಹಾಗೇ ಕರೆಯಿರಿ" ಅನ್ನಿ. ಇದಕ್ಕಿಂತ ಜಾಸ್ತಿ ವಿವರ ಕೊಡುವ ಋಣ ನಿಮಗಿಲ್ಲ. ಮುಖ ಗಂಟಿಕ್ಕಿದರೆ ಬೇರೆ ಪ್ಲೇಹೋಮ್ ನೋಡಿ, ಈ ವಯಸ್ಸಿನಲ್ಲಿ ಬದಲಿಸುವುದು ಸುಲಭ. 'ಸಣ್ಣ ಮಗುವಿಗೆ ಇದೆಲ್ಲ ಯಾಕೆ' ಅಂತ ಯಾರಾದರೂ ಕಾಯಿಲೆಯ ಮಾತು ಎತ್ತಿದರೆ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ ಅನ್ನಿ.

ಈಗ ಕಾಗದ. ನಾನು ವಕೀಲೆ ಅಲ್ಲ. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ 'ನೀವು ಯಾರು?' ಅನ್ನುವ ಪ್ರಶ್ನೆಗೆ ನಿಂತವರನ್ನು ನೋಡಿದ್ದೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಒಪ್ಪಲಿಲ್ಲ, ಜೋಡಿಯಾಗಿ ದತ್ತು ಪಡೆಯುವುದನ್ನೂ 3:2 ಬಹುಮತದಿಂದ ತಳ್ಳಿಹಾಕಿತು. ಹಾಗಾಗಿ ಇವತ್ತು ನಿಮ್ಮ ಮಗನಿಗೆ ಕಾನೂನಿನಲ್ಲಿ ಇರುವುದು ಅಮ್ಮ ಒಬ್ಬಳೇ. ಅವಳ ಸ್ಥಾನ ಗಟ್ಟಿ ಇದೆ: ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಸ್‌ಪೋರ್ಟಿಗೂ ಒಬ್ಬರ ಹೆಸರು ಸಾಕು. ಆದರೆ ನಾಳೆ ಅವಳಿಗೇನಾದರೂ ಆದರೆ ಮಗ ಹಾಸನಕ್ಕೆ ಹೋಗುತ್ತಾನೋ ನಿಮ್ಮ ಹತ್ತಿರ ಉಳಿಯುತ್ತಾನೋ ಅನ್ನುವುದು ಈಗ ಅಜ್ಜಿಯ ಮನಸ್ಸಿನ ಮೇಲೆ ನಿಂತಿದೆ. ಅದಕ್ಕೇ ಅಜ್ಜಿಯ ಜೊತೆ ಕರುಳಿನ ಜಗಳಕ್ಕಿಂತ ಈ ಮಾತು ಮುಖ್ಯ.

ಮೊದಲು ಅಮ್ಮನ ವಿಲ್. ಅದರಲ್ಲಿ ನಿಮ್ಮನ್ನು ಮಗನ ಪೋಷಕಿ ಎಂದು ನೇಮಿಸಲಿ. ಹಿಂದೂಗಳಿಗೆ 1956ರ ಪೋಷಕತ್ವ ಕಾಯ್ದೆ ತಾಯಿಗೆ ಈ ಅಧಿಕಾರ ಕೊಡುತ್ತದೆ. ಬೇರೆ ಧರ್ಮದವರಾದರೆ ದಾರಿ ಬೇರೆ, ವಕೀಲರನ್ನು ಕೇಳಿ. ವಿಲ್‌ಗೆ ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಯಾರಾದರೂ ಪ್ರಶ್ನಿಸಿದರೆ ಕೋರ್ಟು ಮಗುವಿನ ಹಿತವನ್ನೇ ಮೊದಲು ನೋಡುತ್ತದೆ. ಹಾಗಾಗಿ ಲಸಿಕೆ ಕಾರ್ಡು, ಫೀಸಿನ ರಸೀದಿ, ನಿಮ್ಮ ಜೊತೆಗಿನ ಫೋಟೋ ಎಲ್ಲ ಎತ್ತಿಡಿ. ನಿಮ್ಮದೂ ಒಂದು ವಿಲ್ ಆಗಲಿ, ಇಲ್ಲದಿದ್ದರೆ ನಿಮ್ಮ ಆಸ್ತಿಯಲ್ಲಿ ಅವನಿಗೆ ಪೈಸೆಯೂ ಬರದು. ಅಮ್ಮನ ವಿಮೆಯಲ್ಲಿ ಮಗ ನಾಮಿನಿಯಾಗಿದ್ದರೆ, ಅವನು ದೊಡ್ಡವನಾಗುವವರೆಗೆ ಹಣ ಪಡೆಯುವ ಅಪಾಯಿಂಟಿ ಎಂದು ನಿಮ್ಮ ಹೆಸರು ಬರೆಸಿ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಆಸ್ಪತ್ರೆಗೆ, ಪ್ಲೇಹೋಮ್‌ಗೆ ತೋರಿಸಲು ಅಮ್ಮ ಸಹಿ ಮಾಡಿದ ಒಪ್ಪಿಗೆ ಪತ್ರ ಒಂದು ನಿಮ್ಮ ಪರ್ಸಿನಲ್ಲಿರಲಿ. ಅದು ನಿಮ್ಮನ್ನು ಕಾನೂನಿನ ತಾಯಿ ಮಾಡುವುದಿಲ್ಲ, ಆದರೆ ರಾತ್ರಿ ಹನ್ನೆರಡಕ್ಕೆ ಜ್ವರ 104 ಇರುವಾಗ ಉಪಯೋಗಕ್ಕೆ ಬರುತ್ತದೆ.

'ದತ್ತು ಪತ್ರ ಬರೆಸಿಬಿಡಿ' ಎಂದು ಸಲಹೆ ಕೊಡುವವರು ಸಿಗುತ್ತಾರೆ. ಹುಷಾರು. ದತ್ತು ಕೊಟ್ಟರೆ ಹೆತ್ತವಳ ಹಕ್ಕು ಹೋಗುತ್ತದೆ. ಇಬ್ಬರು ತಾಯಂದಿರಲ್ಲ, ಒಬ್ಬರ ಬದಲು ಇನ್ನೊಬ್ಬರು ಆಗುತ್ತೀರಿ.

ಕೊನೆಯದಾಗಿ ಎರಡನೇ ಮಗು. ಬೇಕು ಅನ್ನಿಸಿದರೆ ಹೆರಿ. 21ರಿಂದ 50 ವರ್ಷದೊಳಗಿನ ಒಂಟಿ ಮಹಿಳೆಗೆ ಕೃತಕ ಗರ್ಭಧಾರಣೆಗೆ ಸಂಬಂಧಿಸಿದ 2021ರ ಕಾಯ್ದೆಯಡಿ ಚಿಕಿತ್ಸೆಗೆ ಅವಕಾಶ ಇದೆ. ಆದರೆ 35 ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ವರ್ಷ ವರ್ಷ ಇಳಿಯುತ್ತದೆ, ಹಾಗಾಗಿ ಯೋಚನೆಯನ್ನು ತುಂಬಾ ಮುಂದೂಡಬೇಡಿ. ಇದು ಮೊದಲನೆಯವನ ಹಟಕ್ಕೆ ಔಷಧಿ ಆಗುವುದಿಲ್ಲ. ಮನೆಗೆ ಕೂಸು ಬಂದರೆ ಅವನು ನಿಮಗಿಂತ ಜಾಸ್ತಿ ಅಮ್ಮನನ್ನೇ ಹಿಡಿದುಕೊಳ್ಳುತ್ತಾನೆ, ಕೂಸು ನಿಮ್ಮ ಎದೆಯ ಮೇಲಿರುತ್ತದಲ್ಲ. ಕಾನೂನಿನ ಲೆಕ್ಕದಲ್ಲೂ ಸಮ ಆಗುವುದಿಲ್ಲ. ಒಬ್ಬ ದಾನಿಯ ವೀರ್ಯವನ್ನು ಇನ್ನೊಂದು ಜೋಡಿಗೆ ಕೊಡುವಂತಿಲ್ಲ ಎಂಬ ನಿಯಮ ಇರುವುದರಿಂದ, ಬೇರೆ ಫೈಲಿನಲ್ಲಿ ಹೋಗುವ ನಿಮಗೆ ಅದೇ ದಾನಿ ಸಿಗುತ್ತಾನೆ ಎಂದು ನಂಬಿ ಕೂರಬೇಡಿ. ಆಗ ಒಂದೇ ಮನೆಯಲ್ಲಿ, ದಾಖಲೆಯಲ್ಲಿ ಇಬ್ಬರು ಬೇರೆ ಬೇರೆ ತಾಯಂದಿರ ಬೇರೆ ಬೇರೆ ಮಕ್ಕಳು ಇರುತ್ತಾರೆ. ಆಗ ವಿಲ್‌ಗಳು ಎರಡೂ ಕಡೆಯಿಂದ ಬೇಕಾಗುತ್ತವೆ. ಎರಡನೇ ಮಗುವಿಗಾಗಿ ಚಿಕಿತ್ಸೆ ಶುರು ಮಾಡುವ ಮೊದಲೇ ಮೊದಲನೆಯವನ ಕಾಗದ ಮುಗಿಸಿಕೊಳ್ಳಿ. ಸಾಕ್ಷಿಗಳಲ್ಲಿ ಒಬ್ಬರಾಗಿ ಅಜ್ಜಿಯನ್ನು ಕೇಳಿ ನೋಡಿ. ಅವರಿಗೆ ಆ ವಿಲ್‌ನಲ್ಲಿ ಏನೂ ಬರೆಯದಿದ್ದರೆ ಸಾಕ್ಷಿ ಹಾಕಲು ತೊಂದರೆಯಿಲ್ಲ.